ಮೂರಕ್ಷರ

ಅಕ್ಷರಕ್ಕೆ ಮೂರು ರೂಪಾಯಿ, ಪಾತ್ರೆ ಯಾವುದಾದರೂ ಸರಿ.
ಬಳೇಪೇಟೆಯ ಈ ಮೆಟ್ಟಿಲ ಮೇಲೆ ಕೂತು
ನಲವತ್ತೊಂದು ವರ್ಷ ಕೊರೆದಿದ್ದೇನೆ:
ಮದುವೆಯ ತಟ್ಟೆಗೆ ಗಂಡು ಹೆಣ್ಣಿನ ಹೆಸರು,
ವೈಕುಂಠಕ್ಕೆ ಹಂಚುವ ಲೋಟಕ್ಕೆ ಹೋದವರ ಹೆಸರು,
ವಠಾರದ ಕೊಡಕ್ಕೆ, ನಲ್ಲಿ ಹತ್ತಿರ ಜಗಳ ಬೇಡವೆಂದು,
ಬರೀ ಇನಿಷಿಯಲ್ಲು.

ಮೊನ್ನೆ ಬಂದವಳು ತಿನ್ಸ್ವಾಲೊ.
ಹೆಣ್ಣೂರಲ್ಲಿ ರೂಮು, ನರ್ಸಿಂಗ್ ಮುಗಿದು
ದಕ್ಷಿಣ ಆಫ್ರಿಕಕ್ಕೆ ವಾಪಸು ಹೊರಟವಳು.
ಸ್ಟೀಲು ಚೊಂಬು ಮುಂದಿಟ್ಟು
"ಅಣ್ಣಾ, ಕನ್ನಡದಲ್ಲೇ ಹಾಕಿ."
ಹೆಸರೇನಮ್ಮ? ಹೆಸರಲ್ಲ, ಅಂದಳು, ಶಿವೊಂಗೊ.
ನನಗೆ ಶಿವ ಅಷ್ಟೇ ಕೇಳಿಸಿ ಕೈ ಅರ್ಧ ಜೋಡಿಸಿದ್ದೆ.
ಅದಲ್ಲವಂತೆ. ಅವರ ತ್ಸೊಂಗಾ ಮಾತಿನಲ್ಲಿ
ಮನೆತನದ ಹೆಸರಿಗೆ ಹಾಗನ್ನುತ್ತಾರೆ.

ಹೇಳಿದಳು.
ನಾಲಗೆಯ ಎರಡು ಅಂಚಿನಿಂದ ಗಾಳಿ ಜಾರಿತು,
ಕಾದ ಕಂಚನ್ನು ನೀರಿಗದ್ದಿದ ಸದ್ದು.
ಹ ಅಂದರೆ ಹ ಅಲ್ಲ, ಲ ಅಂದರೆ ಲ ಅಲ್ಲ.
ಇನ್ನೊಮ್ಮೆ ಹೇಳು. ಇನ್ನೊಮ್ಮೆ.
ಆಹ್ಲಾದದಲ್ಲೊಂದು ಇದೆ, ಪ್ರಹ್ಲಾದನಲ್ಲೊಂದು,
ಅದನ್ನೂ ನಾವು ತಿರುಗಾಮುರುಗಾ ಮಾಡಿ
ಲ್ಹ ಅಂದು ಕೆಡಿಸಿಕೊಂಡವರು.
ನಮ್ಮಲ್ಲೂ ಒಂದಿತ್ತಮ್ಮ, ೞ ಅಂತ,
ಕಲ್ಲಿನಲ್ಲಿ ಉಳೀತು, ಬಾಯಲ್ಲಿ ಹೋಯಿತು.

ಅರ್ಥ ಏನು?
ಅಜ್ಜಿಯ ತಂಗಿಯರಲ್ಲಿ ಒಬ್ಬಳು ಒಂದು ಹೇಳುತ್ತಾಳೆ,
ಅದು ಕೇಳಿದ ಕೂಡಲೇ ಇನ್ನೊಬ್ಬಳು
ತಟ್ಟೆ ಬಿಟ್ಟು ಎದ್ದು ಹೋಗುತ್ತಾಳೆ.
ನಕ್ಕೆ. ನಮ್ಮದು ಅಹಭೂನ ಗೋತ್ರ,
ಹುಟ್ಟಿದಾಗಿನಿಂದ ಸಂಕಲ್ಪದಲ್ಲಿ ಒಪ್ಪಿಸಿದ್ದೇನೆ,
ಅರ್ಥ ನನ್ನನ್ನೂ ಕೇಳಬೇಡ.

ಪಾಸ್‌ಪೋರ್ಟ್ ತೋರಿಸಿದಳು, ಕಾಗುಣಿತಕ್ಕೆಂದು.
ಅದರಲ್ಲಿ ಬೇರೆಯೇ ಇದೆ: ಮಲುಲೆಕೆ.
ಅದು ತಾತನ ಕಡೆಯದು, ಅಂದಳು. ಇದು ಅಜ್ಜಿಯದು.
ಗಂಡನ ಮನೆಗೆ ಬಂದು ಅರವತ್ತು ವರ್ಷವಾದರೂ
ಬೀದಿಯಲ್ಲಿ ಅವಳನ್ನು
ಅವಳಪ್ಪನ ಹೆಸರು ಹಿಡಿದೇ ಕೂಗುತ್ತಾರೆ, ಇಂಥವನ ಮಗಳೇ, ಎಂದು.
ರಾತ್ರಿ ಮೊಮ್ಮಕ್ಕಳ ತಟ್ಟುತ್ತಾ
ಮೊದಲು ಗಂಡನ ವಂಶ ಹೇಳುವಳು,
ಯಾರ ಮಗ ಯಾರು, ಯಾವ ಹೊಳೆ ಯಾರು ದಾಟಿದರು,
ದಾಟದೆ ಯಾರು ಉಳಿದರು.
ಎಲ್ಲ ಮಲಗಿದ ಮೇಲೆ, ದೀಪ ಸಣ್ಣ ಮಾಡಿ, ತನ್ನದು.
ನಡುವೆ ಕೆಮ್ಮು ಬಂದರೆ ಮತ್ತೆ ಮೊದಲಿಂದ.
ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡು ಕಲಿತೆ.

ಅಜ್ಜಿಯ ಅಪ್ಪ, ಅವನ ಇಬ್ಬರು ತಮ್ಮಂದಿರು
ಜೊಹಾನ್ಸ್‌ಬರ್ಗಿನ ಚಿನ್ನದ ಗಣಿಗೆ ಹೋದರಂತೆ.
ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ.
ಒಂದೇ ತಾಯಿಯ ಮೂವರು
ಮೂರು ಕಾಗದದಲ್ಲಿ ಮೂರು ಮನೆತನವಾದರು.
ಈಗಿನ ಮಕ್ಕಳು ಒಬ್ಬರನ್ನೊಬ್ಬರು ಮದುವೆಯಾಗಲು ಹೊರಟರೆ
ಅಜ್ಜಿ ಕೋಲೂರಿಕೊಂಡು ನಡುವೆ ಬಂದು ನಿಲ್ಲಬೇಕು.

ನಾನೇನೂ ಅನ್ನಲಿಲ್ಲ.
ನಮ್ಮಪ್ಪ ನಾಗಮಂಗಲ ಬಿಟ್ಟು ಬಂದ ಹೊಸದರಲ್ಲಿ
ಕೋಲಾರದ ಗಣಿಗೆ ಹಿತ್ತಾಳೆ ಬಿಲ್ಲೆ ಹೊಡೆಯುತ್ತಿದ್ದ, ಇದೇ ಮೆಟ್ಟಿಲಲ್ಲಿ.
ಬಿಲ್ಲೆಗೆ ನಂಬರು ಮಾತ್ರ. ಹೆಸರಿಗೆ ಜಾಗವೂ ಇಲ್ಲ, ಕಾಸೂ ಇಲ್ಲ.
ಸಂಜೆ ಮೊಳೆಯಲ್ಲಿ ಉಳಿದ ಬಿಲ್ಲೆ ಯಾರದೆಂದು
ಗೇಟಿನಲ್ಲಿ ಕಾದವಳಿಗಷ್ಟೇ ತಿಳಿಯುತ್ತಿತ್ತು.

ಕರೆಂಟಿನ ಪೆನ್ನು ಬದಿಗಿಟ್ಟೆ. ಅಪ್ಪನ ಉಳಿ ತೆಗೆದೆ.
ಹ, ಅದರಡಿಗೆ ಲ ಒತ್ತು, ಮಗ್ಗುಲಿಗೆ ಕೊಂಬು, ಸೊನ್ನೆ.
ಗ್ವಾ. ನಿ.
ಹ್ಲುಂಗ್ವಾನಿ.
ಮೂರಕ್ಷರಕ್ಕೆ ಒಂಬತ್ತು ರೂಪಾಯಿ ಕೊಡಮ್ಮ.
ಇಲ್ಲ, ಒಂಬತ್ತು ಅಕ್ಷರ, ಎಂದು ಇಂಗ್ಲಿಷಲ್ಲಿ ಬೆರಳು ಮಡಿಸಿ ಎಣಿಸಿ
ಇಪ್ಪತ್ತೇಳು ಇಟ್ಟಳು, ಹಟಮಾರಿ.

ಅಜ್ಜಿ ಓದುತ್ತಾರಾ?
ಯಾವ ಲಿಪಿಯೂ ಬರದು, ಅದಕ್ಕೇ ಕನ್ನಡವಾದರೇನು.
ಹೆಬ್ಬೆರಳಲ್ಲಿ ಸವರಿ, ಎಲ್ಲಿ ಕೊರೆದಿದೆ ನೋಡುತ್ತಾಳೆ.
ಬೂದಿ ಹಾಕಿ ತಿಕ್ಕಿದರೆ ಹೋಗುತ್ತಾ?
ಮಾಸುತ್ತೆ, ಅಂದೆ, ನಿಧಾನ.

ಸಂಜೆ ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಕಂಬಿ ಹಿಡಿದು
ನಾಲಗೆಯ ಅಂಚಿಂದ ಗಾಳಿ ಬಿಡುತ್ತಾ ನಿಂತಿದ್ದೆ,
ಹ್ಲ. ಹ್ಲ. ಬರಲಿಲ್ಲ. ಹ್ಲ.
ಕಂಡಕ್ಟರು ಬಗ್ಗಿ ಕೇಳಿದ:
ಏನ್ರೀ, ಹಲಸೂರಾ?